ಸಫರ್ ಇತ್ತು, ಸೈರ್ ಇರಲಿಲ್ಲ

ಉರ್ದುವಿನಲ್ಲಿ ಸಫರ್ ಮತ್ತು ಸೈರ್ ಎಂಬ ಎರಡು ಪದಗಳಿವೆ. ಸಫರ್ ಎಂದರೆ ಪ್ರಯಾಣ. ಸೈರ್ ಎಂದರೆ ಕಣ್ತುಂಬ ನೋಡಲೆಂದೇ ಸುತ್ತಾಡುವುದು. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಮದುವೆ, ಸಾವು, ಉರೂಸ್, ವ್ಯಾಪಾರಕ್ಕೆಂದು ಸಫರ್ ಮಾಡಿದವರೇ. ಸೈರ್ ಮಾಡಲು ಸಂಬಳ ಕಡಿತವಾಗದ ರಜೆ ಬೇಕು, ಟಿಕೆಟ್ಟಿಗೆ ಹಣ ಬೇಕು. ದುಡಿಯುವವನಿಗೆ ಇವೆರಡೂ ಸಿಕ್ಕಿದ್ದು ಯಾವಾಗ?

ಸೋವಿಯತ್ ರಷ್ಯಾದಲ್ಲಿ ಲೆನಿನ್ 1920ರಲ್ಲಿ ಹೊರಡಿಸಿದ ಆಜ್ಞೆಯಿಂದ ಕ್ರಿಮಿಯಾದ ಅರಮನೆಗಳು ಕಾರ್ಮಿಕರ ಆರೋಗ್ಯಧಾಮಗಳಾದವು. ಭಾರತ ಅಷ್ಟು ದೂರ ಹೋಗಲಿಲ್ಲ. ಆದರೂ 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜವೇ ಗುರಿ ಎಂದಿತು. 1976ರಲ್ಲಿ ಸಂವಿಧಾನದ ಪ್ರಸ್ತಾವನೆಗೂ 'ಸಮಾಜವಾದಿ' ಎಂಬ ಪದ ಸೇರಿತು.

ಅದರ ಗುರುತು ನಮ್ಮ ಸುತ್ತಲೇ ಇದೆ. ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ಐ.ಟಿ.ಐ. 1948ರಲ್ಲಿ ಬಂತು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಶುರುವಾದವು. 1948ರ ಕಾರ್ಖಾನೆ ಕಾಯಿದೆ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ ಕೊಟ್ಟಿತು. 1956ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ, ಅಂದರೆ ಮನೆಮಾತಾದ ಎಲ್.ಟಿ.ಸಿ., ಬಂತು. ಮೊದಲು ಸ್ವಂತ ಊರಿಗೆ ಮಾತ್ರ. ಮುಂದೆ ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ. ಸಾರ್ವಜನಿಕ ಉದ್ದಿಮೆಗಳೂ ಇಂತಹ ಸೌಲಭ್ಯ ಕೊಟ್ಟವು. ಲೇತ್ ಯಂತ್ರದ ಮುಂದೆ ನಿಲ್ಲುವವನೂ ಹೆಂಡತಿ ಮಕ್ಕಳೊಡನೆ ತಾಜ್‌ಮಹಲ್ ನೋಡಬಹುದಾಯಿತು. ಸಫರ್ ಸೈರ್ ಆದದ್ದು ಹೀಗೆ.

1971ರಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮ ಹುಟ್ಟಿತು. ಬೆಳಿಗ್ಗೆ ಬೆಂಗಳೂರು ಬಿಟ್ಟ ಪ್ರವಾಸಿ ಬಸ್ಸು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದರಿಯಾ ದೌಲತ್, ಮೈಸೂರಿನ ಅರಮನೆ ತೋರಿಸಿ ಸಂಜೆಗೆ ಬೃಂದಾವನದ ಕಾರಂಜಿಗಳ ಮುಂದೆ ನಿಲ್ಲುತ್ತಿತ್ತು. ಅಣೆಕಟ್ಟೆಯ ಕೆಳಗೆ ಜನರಿಗೆ ತೋಟ ಬೇಕೆಂದು ಆಸಕ್ತಿ ವಹಿಸಿದವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಎಂಬುದನ್ನು ನಮ್ಮ ಮಕ್ಕಳಿಗೆ ಪ್ರವಾಸದ ದಿನವಾದರೂ ಹೇಳಬೇಕು.

ಆದರೆ ಆ ಭಾಗ್ಯ ಖಾಯಂ ನೌಕರನದು ಮಾತ್ರ. ಅದೇ ಪೀಣ್ಯದ ಸಣ್ಣ ವರ್ಕ್‌ಶಾಪಿನ ಹುಡುಗನಿಗೆ, ಊದುಬತ್ತಿ ಹೊಸೆಯುವ ತಾಯಿಗೆ ಎಲ್.ಟಿ.ಸಿ. ಎಲ್ಲಿಂದ ಬರಬೇಕು? ಈ ಕೊರತೆಯನ್ನು ಮರೆತು ಆ ಕಾಲವನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. 1991ರ ನಂತರ ಖಾಯಂ ಕೆಲಸಗಳೂ ಕರಗಿದವು. ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ನೌಕರ ಪ್ಯಾಕೇಜ್ ಟೂರ್ ಕೊಳ್ಳುತ್ತಾನೆ. ಗುತ್ತಿಗೆಯ ಮೇಲೆ ಅವನ ಗೇಟು ಕಾಯುವವನು ಒಂದು ದಿನ ಬರದಿದ್ದರೆ ಅನೇಕ ಕಡೆ ಆ ದಿನದ ಕೂಲಿಯೇ ಹೋಗುತ್ತದೆ. ಶಾಲೆಗಳಲ್ಲೂ ಅಷ್ಟೇ. ಪ್ರವಾಸದ ಹಣ ತರಲಾಗದ ಮಗು ಮನೆಯ ಕಷ್ಟ ಹೇಳುವುದಿಲ್ಲ, 'ಟೀಚರ್, ಆ ದಿನ ಊರಿಗೆ ಹೋಗಬೇಕು' ಎನ್ನುತ್ತದೆ.

ನಿಮ್ಮ ಅಜ್ಜ ಕಾರ್ಖಾನೆಯಲ್ಲಿದ್ದವರಾದರೆ ಎಲ್.ಟಿ.ಸಿ.ಯಲ್ಲಿ ಎಲ್ಲಿಗೆ ಹೋಗಿದ್ದರೆಂದು ಕೇಳಿ ಬರೆದಿಡಿ. ಹಳೆಯ ಫೋಟೋ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ. ಇಸವಿ ಇರಬಹುದು.