ಕಾರ್ಡು ಕೈಯಲ್ಲಿದೆ, ಕೀಲಿ ಇಲ್ಲ

ಫೋನು ಪದೇಪದೇ ನಿಂತುಹೋಗುತ್ತಿದೆ ಎಂದು ಫ್ಯಾಕ್ಟರಿ ರೀಸೆಟ್ ಮಾಡಿಸಿದ್ದಾಯಿತು. ಫೋಟೊಗಳೆಲ್ಲ ಮೆಮೊರಿ ಕಾರ್ಡಿನಲ್ಲಿವೆ, ಅವಕ್ಕೇನೂ ಆಗದು ಎಂಬ ಧೈರ್ಯ. ಆಮೇಲೆ ನೋಡಿದರೆ ಕಾರ್ಡಿನಲ್ಲಿ ಜಾಗ ತುಂಬಿಯೇ ಇದೆ, ಆದರೆ ಒಂದು ಚಿತ್ರವೂ ತೆರೆಯುತ್ತಿಲ್ಲ. ಕಾರ್ಡು ಕೆಟ್ಟಿಲ್ಲ. ಅದರಲ್ಲಿದ್ದುದನ್ನು ಓದುವ ಕೀಲಿ ಫೋನಿನೊಳಗಿತ್ತು. ರೀಸೆಟ್ ಅಳಿಸಿದ್ದು ಆ ಕೀಲಿಯನ್ನು.

ಈ ಸಂಕಟ ಹೊಸದಲ್ಲ. 2007ರಲ್ಲಿ ಬಂದ ವಿಂಡೋಸ್ ಮೊಬೈಲ್ 6ರಲ್ಲೇ ಮೆಮೊರಿ ಕಾರ್ಡಿನ ಕಡತಗಳನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಗೂಢಲಿಪಿಗೆ ತಿರುಗಿಸುವ ಸೌಲಭ್ಯವಿತ್ತು. ಕೀಲಿ ಆ ಒಂದು ಫೋನಿಗೆ ಮಾತ್ರ ಸೇರಿದ್ದು. ಹಾರ್ಡ್ ರೀಸೆಟ್ ಮಾಡಿದರೆ ಕಡತಗಳ ಕಥೆ ಮುಗಿಯಿತು. 2010ರ ಆಂಡ್ರಾಯ್ಡ್ 2.2 ಆ್ಯಪ್‌ಗಳನ್ನು ಕಾರ್ಡಿಗೆ ಹಾಕಿಕೊಳ್ಳಲು ಬಿಟ್ಟಾಗಲೂ ಅವುಗಳನ್ನು ಆ ಫೋನು ಮಾತ್ರ ಬಿಚ್ಚಬಲ್ಲ ಪೆಟ್ಟಿಗೆಯಲ್ಲಿಟ್ಟಿತು.

ಆದರೆ ಕೀಲಿಯನ್ನು ಅಳಿಸುವುದನ್ನೇ ಒಂದು ವಿದ್ಯೆಯಾಗಿ ಬಳಸಿದ್ದು 2009ರ ಐಫೋನ್ 3ಜಿಎಸ್. ಅದಕ್ಕಿಂತ ಹಿಂದಿನ ಐಫೋನ್‌ಗಳಲ್ಲಿ ಎಲ್ಲವನ್ನೂ ಅಳಿಸಲು ಇಡೀ ಸಂಗ್ರಹದ ಮೇಲೆ ಮರುಬರೆಯಬೇಕಿತ್ತು, ಅದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. 3ಜಿಎಸ್‌ನಲ್ಲಿ ಸಂಗ್ರಹವೆಲ್ಲ ಮೊದಲಿನಿಂದಲೂ ಗೂಢಲಿಪಿಯಲ್ಲೇ ಇರುತ್ತದೆ. ಪುಟ್ಟದೊಂದು ಕೀಲಿಯನ್ನು ಅಳಿಸಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಕಳವಾದ ಫೋನಿನ ಒಡೆಯರಿಗೆ ಇದು ವರವಾಯಿತು. ಅವಸರದಲ್ಲಿ ರೀಸೆಟ್ ಒತ್ತಿದವರಿಗೆ ದೊಡ್ಡ ಪೆಟ್ಟಾಯಿತು.

ಆಂಡ್ರಾಯ್ಡ್ ಲೋಕದಲ್ಲಿ ಆ ಹೊತ್ತಿಗೆ ತೊಂದರೆ ತಿರುವುಮುರುವಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ ಐದು ಕಂಪನಿಗಳ 21 ಹಳೆಯ ಫೋನುಗಳನ್ನು ಕೊಂಡು, ರೀಸೆಟ್ ಮಾಡಿ ಪರೀಕ್ಷಿಸಿದರು. ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಆ ಫೋನುಗಳಲ್ಲಿ ಸಂದೇಶ, ಚಿತ್ರ, ಗೂಗಲ್ ಖಾತೆಯ ಗುರುತುಗಳೆಲ್ಲ ಉಳಿದಿದ್ದವು. ಸರಿಯಾಗಿ ಅಳಿಸದ ಫೋನುಗಳು ಜಗತ್ತಿನಲ್ಲಿ 50 ಕೋಟಿಯವರೆಗೆ ಇರಬಹುದೆಂದು 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಂದಾಜಿಸಿತು. ಎನ್‌ಕ್ರಿಪ್ಷನ್ ಇದ್ದೆಡೆಯಲ್ಲೂ ಕೀಲಿ ಇಟ್ಟ ಜಾಗ ಸರಿಯಾಗಿ ಅಳಿಯದೆ ಉಳಿಯಬಹುದು ಎಂಬುದು ಅವರು ಕಂಡ ಇನ್ನೊಂದು ಕೊರತೆ. ಹಳೆಯ ಫೋನನ್ನು ಮಾರಿದವರ ಖಾಸಗಿ ಬದುಕು ಹಾಗೆ ಪರರ ಕೈಗೆ ಹೋಗುತ್ತಿತ್ತು ಎಂಬುದನ್ನು ನೆನೆದರೆ, ಮುಂದೆ ಬಂದ ಬಿಗಿಯನ್ನು ದೂರುವುದು ಕಷ್ಟ.

ಆ ಬಿಗಿ ಬಂದದ್ದು ಚಿಪ್ಪಿನ ಮೂಲಕ. ನಾಲ್ಕು ಅಂಕಿಯ ಪಿನ್‌ಗೆ ಇರುವುದು 10,000 ಸಾಧ್ಯತೆಗಳು ಮಾತ್ರ. ಕಡತಗಳನ್ನು ಕಂಪ್ಯೂಟರಿಗೆ ನಕಲಿಸಿಕೊಂಡು ಒಂದೊಂದಾಗಿ ಪರೀಕ್ಷಿಸಿದರೆ ಪಿನ್ ಬೇಗನೆ ಸಿಕ್ಕಿಬಿಡುತ್ತದೆ. ಅದಕ್ಕಾಗಿ ಪ್ರತಿ ಚಿಪ್ಪಿನಲ್ಲೂ ಹೊರಗೆ ತೆಗೆಯಲಾಗದ ಗುಟ್ಟಿನ ಸಂಖ್ಯೆಯೊಂದನ್ನು ಹುದುಗಿಸಿ, ಪಿನ್ನನ್ನು ಅದರೊಂದಿಗೆ ಬೆರೆಸಿ ಕೀಲಿ ಮಾಡುವ ಕ್ರಮ ಬೆಳೆಯಿತು. ಐಫೋನಿನಲ್ಲಿ ಒಂದೊಂದು ಯತ್ನಕ್ಕೂ ಸುಮಾರು 80 ಮಿಲಿಸೆಕೆಂಡು ಬೇಕಾಗುವಂತೆ ಲೆಕ್ಕವನ್ನು ಹೊಂದಿಸಲಾಗಿದೆ; ತಪ್ಪಿದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ. 2013ರ ಐಫೋನ್ 5ಎಸ್ ಈ ಕೆಲಸಕ್ಕೆಂದೇ ಪ್ರತ್ಯೇಕ ಸುರಕ್ಷಾ ವಿಭಾಗ ತಂದಿತು. 2014ರ ಆಂಡ್ರಾಯ್ಡ್ 5.0 ಕೂಡ ಕೀಲಿಯನ್ನು ಯಂತ್ರಾಂಶಕ್ಕೆ ಕಟ್ಟಿಹಾಕಿತು.

ಇದರ ಪರಿಣಾಮವನ್ನು ಜಗತ್ತು ನೋಡಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಪ್ರಕರಣದಲ್ಲಿ. 2015ರ ಡಿಸೆಂಬರ್ 2ರಂದು 14 ಜನರನ್ನು ಬಲಿಪಡೆದ ದಾಳಿಯ ನಂತರ ತನಿಖಾಧಿಕಾರಿಗಳಿಗೆ ಒಂದು ಐಫೋನ್ 5ಸಿ ಸಿಕ್ಕಿತು. ಎಫ್‌ಬಿಐ ಕೋರಿಕೆಯಂತೆ ಅದರ ಐಕ್ಲೌಡ್ ಪಾಸ್‌ವರ್ಡನ್ನು ದೂರದಿಂದಲೇ ಬದಲಿಸಲಾಯಿತು. ಪರಿಚಿತ ವೈಫೈ ಸಿಕ್ಕಾಗ ಫೋನು ತಾನಾಗಿ ಬ್ಯಾಕಪ್ ಕಳಿಸುವ ದಾರಿ ಅಲ್ಲಿಗೆ ಮುಚ್ಚಿತು. ಇಲ್ಲಿ ರೀಸೆಟ್ ಆದದ್ದು ಪಾಸ್‌ವರ್ಡ್ ಮಾತ್ರ, ಫೋನಲ್ಲ. ಆದರೂ ತೆರೆದಿದ್ದ ಒಂದೇ ಕಿಂಡಿ ಹೋಯಿತು. 2016ರ ಮಾರ್ಚ್ 28ರಂದು ಬೇರೆ ಉಪಾಯದಿಂದ ಒಳಹೊಕ್ಕಿದ್ದಾಗಿ ಎಫ್‌ಬಿಐ ತಿಳಿಸುವವರೆಗೂ ಆಪಲ್ ಜೊತೆ ನ್ಯಾಯಾಲಯದ ಜಗ್ಗಾಟ ನಡೆಯಿತು.

ಸಾಮಾನ್ಯ ಬಳಕೆದಾರರನ್ನು ಹೆಚ್ಚು ಕಾಡಿದ್ದು ಮಾತ್ರ 2015ರ ಆಂಡ್ರಾಯ್ಡ್ 6.0. ಮೆಮೊರಿ ಕಾರ್ಡನ್ನು ಫೋನಿನ ಸ್ವಂತ ಸಂಗ್ರಹವಾಗಿ ದತ್ತು ತೆಗೆದುಕೊಳ್ಳುವ ವ್ಯವಸ್ಥೆ ಅದರಲ್ಲಿ ಬಂತು. ಕಡಿಮೆ ಜಾಗದ ಅಗ್ಗದ ಫೋನು ಹಿಡಿದವರಿಗೆ ಇದು ನಿಜಕ್ಕೂ ಉಪಕಾರ. ಆದರೆ ದತ್ತು ಹೋದ ಕಾರ್ಡು ಪೂರ್ತಿ ಗೂಢಲಿಪಿಗೆ ತಿರುಗುತ್ತದೆ, ಕೀಲಿ ಫೋನಿನಲ್ಲೇ ಉಳಿಯುತ್ತದೆ. 128 ಬಿಟ್ಟುಗಳ ಆ ಕೀಲಿಯ ಸಾಧ್ಯತೆಗಳನ್ನು ಬರೆಯಲು 39 ಅಂಕಿಗಳು ಬೇಕು. ಡೇಟಾ ರಿಕವರಿ ತಂತ್ರಾಂಶ ಅಳಿಸಿದ ಕಡತವನ್ನು ಹುಡುಕಿ ತರಬಲ್ಲದು, ಕೀಲಿಯನ್ನಲ್ಲ.

ಆಂಡ್ರಾಯ್ಡ್ 7.0 ಕಡತ ಕಡತಕ್ಕೂ ಬೇರೆ ಕೀಲಿ ತಂದಿತು. 2019ರಲ್ಲಿ ಗೂಗಲ್ ಅಡಿಯಾಂಟಮ್ ಎಂಬ ಹಗುರ ವಿಧಾನವನ್ನು ಪ್ರಕಟಿಸಿತು. ವೇಗದ ಯಂತ್ರಾಂಶವಿಲ್ಲದ ಅಗ್ಗದ ಫೋನುಗಳಿಗೂ ಎನ್‌ಕ್ರಿಪ್ಷನ್ ಎಟುಕಿತು. ಅದೇ ವರ್ಷದ ಆಂಡ್ರಾಯ್ಡ್ 10ರೊಂದಿಗೆ ಬರುವ ಹೊಸ ಫೋನುಗಳಿಗೆಲ್ಲ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು.

ಕಳೆದುಕೊಂಡವರ ಕಡೆಗೆ ಈ ಕ್ಷೇತ್ರ ಕಣ್ಣು ಹಾಯಿಸಿದ್ದು ತಡವಾಗಿ. 2018ರಲ್ಲಿ ಗೂಗಲ್, ಆಂಡ್ರಾಯ್ಡ್ ಬ್ಯಾಕಪ್ಪನ್ನು ಬಳಕೆದಾರರ ಸ್ಕ್ರೀನ್ ಲಾಕ್ ಪಿನ್‌ನಿಂದಲೇ ತೆರೆಯುವಂತೆ ಮಾಡಿ, ಊಹೆಯ ಯತ್ನಗಳಿಗೆ ಮಿತಿ ಹಾಕುವ ಕೆಲಸವನ್ನು ತನ್ನ ಡೇಟಾ ಕೇಂದ್ರದ ಚಿಪ್ಪಿಗೆ ವಹಿಸಿತು. 2021ರಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿ ಬಂತು. ಅದೇ ವರ್ಷ ಆಪಲ್, ನಂಬಿಕೆಯ ಒಬ್ಬರ ನೆರವಿನಿಂದ ಖಾತೆಗೆ ಮರಳುವ ಅವಕಾಶ ಕೊಟ್ಟಿತು.

ಎನ್‌ಕ್ರಿಪ್ಟ್ ಆದ ಮೆಮೊರಿ ಕಾರ್ಡಿಗೆ ಮಾತ್ರ ಇಂಥ ಎರಡನೆಯ ಕೀಲಿಯನ್ನು ಫೋನಿನ ಸೆಟ್ಟಿಂಗ್ಸ್ ಬಳಕೆದಾರರ ಕೈಗೆ ಕೊಡುವುದಿಲ್ಲ. ಹಾಗಾಗಿ ರೀಸೆಟ್‌ಗೆ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಕಾರ್ಡನ್ನು ಡಿಕ್ರಿಪ್ಟ್ ಮಾಡಬೇಕು. ದತ್ತು ಕಾರ್ಡಾದರೆ ಚಿತ್ರಗಳನ್ನು ಬೇರೆಡೆಗೆ ನಕಲಿಸಿ, ಅವು ಅಲ್ಲಿ ತೆರೆಯುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಫೋನನ್ನು ಅಂಗಡಿಯವರ ಕೈಗೆ ಕೊಡಬೇಕು.