ಏಡಿಕಾಯಿಯ ಮಾನ ಮರ್ಯಾದೆ

ನಮ್ಮ ಮನೆಯಲ್ಲಿ ಏಡಿಕಾಯಿ ಸಾರು ಮಾಡುವ ದಿನ ಬೀದಿ ಬಾಗಿಲು ಮುಚ್ಚಿರುತ್ತಿತ್ತು, ಹಿತ್ತಲ ಬಾಗಿಲು ತೆರೆದಿರುತ್ತಿತ್ತು. ಬೇರೆ ದಿನಗಳಲ್ಲಿ ಇದು ತಿರುಗುಮುರುಗು. ಯಾರಾದರೂ ಬಂದು "ಏನು ಸಾರು?" ಎಂದು ಕೇಳಿದರೆ "ಹುರುಳಿಕಾಳು" ಎನ್ನಬೇಕೆಂದು ಅಮ್ಮ ನಮಗೆ ಹೇಳಿಕೊಟ್ಟಿದ್ದಳು. ಹುರುಳಿಯೇನೂ ದೊಡ್ಡ ಅಂತಸ್ತಿನ ಕಾಳಲ್ಲ. ಆದರೂ ಏಡಿಗಿಂತ ಒಂದು ಮೆಟ್ಟಿಲು ಮೇಲೆ.

ಮಂಡಿಕಲ್ಲಿನ ಕಡೆಯವರಿಗೆ ಸಮುದ್ರದ ಗಾಳಿ ಗೊತ್ತಿಲ್ಲ. ನಮ್ಮದು ಕೆರೆಯ ಸೀಮೆ. ಮಳೆ ಚೆನ್ನಾಗಿ ಹೊಯ್ದು ಕೆರೆ ಕೆಳಗಿನ ಗದ್ದೆಗಳಿಗೆ ನೀರು ಹರಿದರೆ ಬದುವಿನ ತೂತು ತೂತಿನಲ್ಲೂ ಏಡಿ. ಕನ್ನಡದವರ ಬಾಯಲ್ಲಿ ಅದು ಏಡಿಕಾಯಿ, ಪಕ್ಕದ ಮನೆಯ ತೆಲುಗಿನವರಿಗೆ ಎಂಡ್ರಕಾಯಿ. ಹಿಡಿಯುವುದು ಮಕ್ಕಳ ಕೆಲಸ, ಕಚ್ಚಿಸಿಕೊಳ್ಳುವುದೂ ಮಕ್ಕಳ ಕೆಲಸವೇ. ಅಮ್ಮ ಚಿಪ್ಪು ತೆಗೆದು, ಸಣ್ಣ ಕಾಲುಗಳನ್ನೆಲ್ಲ ಒರಳಿಗೆ ಹಾಕಿ ಕುಟ್ಟಿ, ನೀರು ಬೆರೆಸಿ ಸೋಸಿ, ಆ ರಸವನ್ನೇ ಸಾರಿಗೆ ಬಿಡುತ್ತಿದ್ದಳು. ಮೆಣಸು, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ. ಬಿಸಿ ಮುದ್ದೆಯೊಡನೆ ಅದನ್ನುಂಡರೆ ವಾರದಿಂದ ಕಟ್ಟಿದ್ದ ಮೂಗು ಬಿಡುತ್ತಿತ್ತು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಮೇಷ್ಟ್ರೊಬ್ಬರು ನನ್ನ ಸ್ಲೇಟು ತೆಗೆದುಕೊಂಡು ಮೂಸಿ ನೋಡಿ, "ಏಡಿ ತಿನ್ನೋ ಮನೇದೇನೇ?" ಎಂದರು. ಇಡೀ ತರಗತಿ ನಕ್ಕಿತು. ಅವರು ಅದನ್ನು ಸಂಜೆಗೆ ಮರೆತಿರಬೇಕು. ನಾನು ಆ ರಾತ್ರಿಯಿಂದ ಏಡಿ ಮುಟ್ಟಲಿಲ್ಲ. ಅಮ್ಮ ಏಕೆಂದು ಕೇಳಲೂ ಇಲ್ಲ, ಸುಮ್ಮನೆ ನನಗೊಂದು ಕುಡಿಕೆಯಲ್ಲಿ ಬೇಳೆಸಾರು ಬೇರೆ ಮಾಡಿಡತೊಡಗಿದಳು. ಮದುವೆಯಾಗಿ ಪೇಟೆ ಸೇರಿದ ಮೇಲೆ, "ನಿಮ್ಮ ಕಡೆ ಏಡಿ ತಿಂತಾರಂತಲ್ಲ?" ಎಂದು ಅತ್ತೆಯವರು ಕೇಳಿದಾಗ, "ನಾನಂತೂ ನೋಡಿಯೂ ಇಲ್ಲ" ಎಂದುಬಿಟ್ಟೆ.

ಮುಚ್ಚಿಟ್ಟ ಈ ಸಂಗತಿಯನ್ನು ಹೊರಗೆಳೆದದ್ದು ಏಡಿಯ ದೊಡ್ಡಪ್ಪನಂಥ ಇನ್ನೊಂದು ಪ್ರಾಣಿ. ಮಗಳು ಮೊದಲ ಸಂಬಳದಲ್ಲಿ ನಮ್ಮನ್ನು ಬೆಂಗಳೂರಿನ ದೊಡ್ಡ ಹೋಟೆಲೊಂದಕ್ಕೆ ಕರೆದೊಯ್ದಿದ್ದಳು. ತಿಂಡಿಗಳ ಪಟ್ಟಿಯಲ್ಲಿ ಲಾಬ್‌ಸ್ಟರ್ ಎಂಬುದರ ಎದುರು ಬೆಲೆಯೇ ಇರಲಿಲ್ಲ, 'ಅಂದಿನ ದರ' ಎಂದಿತ್ತು, ಚಿನ್ನದ ಅಂಗಡಿಯಲ್ಲಿ ಇದ್ದ ಹಾಗೆ. ಅದರ ಕೆಳಗೆ ಏಡಿಯ ಘೀ ರೋಸ್ಟ್. ಕುಂದಾಪುರದಲ್ಲಿ ಕೋಳಿಗೆ ಮಾಡುತ್ತಿದ್ದ ಮಸಾಲೆ ಈಗ ಏಡಿಗೂ ಬಂದಿದೆ. ಅದರ ಬೆಲೆ ನೋಡಿ ನನಗೆ ನೆನಪಾದದ್ದು ಮುಚ್ಚಿದ ಬೀದಿ ಬಾಗಿಲು. ಮನೆಗೆ ಬಂದವಳೇ ಪುಸ್ತಕ ಹುಡುಕತೊಡಗಿದೆ. ಈ ಮರ್ಯಾದೆ ಅದಕ್ಕೆ ಎಲ್ಲಿಂದ ಬಂತು, ಯಾವಾಗ ಬಂತು ಎಂದು.

ಲಾಬ್‌ಸ್ಟರ್ ಅಂದರೆ ಸಿಗಡಿಯ ಹಾಗೆ ಉದ್ದ ಮೈ, ಬಾಲ, ಕಲ್ಲಿನಂಥ ಚಿಪ್ಪು. ಅಟ್ಲಾಂಟಿಕ್ ಸಮುದ್ರದ್ದಕ್ಕೆ ಇಕ್ಕಳದಂಥ ಎರಡು ದೊಡ್ಡ ಮುಂಗಾಲು. ನಮ್ಮ ಕರಾವಳಿಯಲ್ಲಿ ಬಲೆಗೆ ಬೀಳುವ ಮುಳ್ಳುಮೈಯ ಜಾತಿಗೆ ಅದಿಲ್ಲ, ಬದಲಿಗೆ ಚಾಟಿಯಂಥ ಉದ್ದ ಮೀಸೆ.

1620ರಲ್ಲಿ ಇಂಗ್ಲೆಂಡಿನಿಂದ ಹೋಗಿ ಅಮೆರಿಕದ ಪ್ಲಿಮತ್‌ನಲ್ಲಿ ನೆಲೆಸಿದವರ ಕಥೆಯನ್ನು ಅವರ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. 1623ರಲ್ಲಿ ಊರಿನಿಂದ ಹೊಸ ಹಡಗಿನಲ್ಲಿ ನೆಂಟರಿಷ್ಟರು ಬಂದರಂತೆ. ಅವರ ಮುಂದಿಡಲು ಇವರ ಹತ್ತಿರ ರೊಟ್ಟಿಯಿಲ್ಲ. ಇದ್ದದ್ದರಲ್ಲಿ ಒಳ್ಳೆಯದೆಂದರೆ ಲಾಬ್‌ಸ್ಟರು, ಇಲ್ಲವೇ ಒಂದು ತುಂಡು ಮೀನು, ಜೊತೆಗೆ ಊಟೆಯ ನೀರು. ಇದನ್ನಾತ ಬಡತನದ ಲೆಕ್ಕಕ್ಕೆ ಬರೆದಿದ್ದಾನೆ, ಹೆಮ್ಮೆಯ ಲೆಕ್ಕಕ್ಕಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರ ಮುಂದೆ ಬರೀ ಮುದ್ದೆ, ಉಪ್ಪುಸಾರು ಇಟ್ಟು ತಲೆ ತಗ್ಗಿಸಿದ ಯಾವ ಹೆಂಗಸಿಗೂ ಆ ಗವರ್ನರನ ಸಂಕಟ ಅರ್ಥವಾಗುತ್ತದೆ. ಆ ಮನೆಗಳ ಹೆಂಗಸರು ಏನಂದುಕೊಂಡರೋ ಅವನು ಬರೆದಿಲ್ಲ. ಗಂಡಸರು ಅಡುಗೆಮನೆಯ ಚರಿತ್ರೆ ಬರೆದರೆ ಅಷ್ಟೇ.

ದಂಡೆಯಲ್ಲಿ ಬೇಕಾದಷ್ಟು ಸಿಗುತ್ತಿದ್ದುದರಿಂದ ಅಲ್ಲಿ ಲಾಬ್‌ಸ್ಟರ್ ಬಹುಕಾಲ ಬಡವರ ಊಟವಾಗಿಯೇ ಉಳಿಯಿತು. 1840ರ ದಶಕದಲ್ಲಿ ಮೇಯ್ನ್ ಪ್ರಾಂತ್ಯದಲ್ಲಿ ಅದನ್ನು ಡಬ್ಬಿಯಲ್ಲಿ ತುಂಬುವ ಕಾರ್ಖಾನೆಗಳು ಎದ್ದವು, ರೈಲು ಬಂತು. ಸಮುದ್ರವನ್ನೇ ಕಾಣದ ಒಳನಾಡಿನ ಜನ ಅದನ್ನು ತಿಂದರು. ಇದು ಇಲ್ಲದವರ ಆಹಾರವೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ! ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಸಿರಿವಂತರು ನಾಟಕ ಮುಗಿಸಿ ಬಂದು ಉಣ್ಣುವ ವೈಭವದ ಹೋಟೆಲುಗಳಿಗೆ 'ಲಾಬ್‌ಸ್ಟರ್ ಅರಮನೆ' ಎಂದೇ ಹೆಸರು ಬಿತ್ತು. ಪ್ರಾಣಿ ಬದಲಾಗಿರಲಿಲ್ಲ. ತಿನ್ನುವವರು ಬದಲಾಗಿದ್ದರು.

ಯೂರೋಪಿನಲ್ಲಿ ಮಾತ್ರ ಅದು ಮೊದಲಿನಿಂದಲೂ ಉಳ್ಳವರ ಮೇಜಿನದು. ಡಚ್ಚರ ವರ್ಣಚಿತ್ರಗಳನ್ನು ನೋಡಿ. ವಿಲ್ಲೆಮ್ ಕಾಲ್ಫ್ ಸುಮಾರು 1653ರಲ್ಲಿ ಬರೆದ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬೆಳ್ಳಿ ಕಟ್ಟಿದ ಕೊಂಬಿನ ಪಾನಪಾತ್ರೆ, ಅರ್ಧ ಸಿಪ್ಪೆ ಸುಲಿದ ನಿಂಬೆ, ನಡುವೆ ಕೆಂಡದಂತೆ ಹೊಳೆಯುವ ಲಾಬ್‌ಸ್ಟರ್. ನಮ್ಮಲ್ಲಿ ಗೌರಿಯ ಮುಂದೆ ಬೆಳ್ಳಿ ಸಾಮಾನು ಜೋಡಿಸಿಟ್ಟ ಹಾಗೆ, ಮನೆಯ ಭಾಗ್ಯ ಕಾಣಲೆಂದು ಬರೆಸಿಕೊಂಡ ಚಿತ್ರಗಳವು.

ನಮ್ಮವರ ಚರಿತ್ರೆಯನ್ನೂ ತಡಕಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಊಟದ ಪ್ರಕರಣದಲ್ಲಿ ಆಮೆಯನ್ನು, ಹೊಲಗದ್ದೆಯ ಇಲಿಯನ್ನು ಕೂಡ ಹೇಗೆ ಅಡುಗೆ ಮಾಡಬೇಕೆಂದು ಹೇಳಿದೆ. ಸಾಕ್ಷಾತ್ ಚಕ್ರವರ್ತಿ! ಬಾಗಿಲು ಮುಚ್ಚಿಕೊಂಡು ಬರೆದವನಲ್ಲ. ನಾಲ್ಕು ಶತಮಾನ ಕಳೆದು ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ ಮೂರನೆಯ ಮಂಗರಸ ಜೈನ. ಬದನೆಕಾಯಿಯನ್ನು ಎಷ್ಟು ಬಗೆಯಲ್ಲಿ ಮಾಡಬಹುದೆಂದು ಅವನನ್ನು ಕೇಳಿ, ಏಡಿಯನ್ನು ಕೇಳಬೇಡಿ. ಊಟದ ಮರ್ಯಾದೆ ಒಂದೇ ಎಂಬುದು ಈ ನಾಡಿನಲ್ಲಿ ಎಂದೂ ನಿಜವಾಗಿರಲಿಲ್ಲ.

ತಿನ್ನಲು ನಾಚುವ ಏಡಿಗೆ ಆಕಾಶದಲ್ಲೂ ಕಲ್ಲಿನಲ್ಲೂ ಎಂಥ ಜಾಗ! ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಕಂಬಗಳಿವೆ, ಅವುಗಳಲ್ಲೊಂದು ಕರ್ಕಾಟಕಕ್ಕೆ. ಪಂಚತಂತ್ರದಲ್ಲಿ ಕೊಕ್ಕರೆಯ ಕುತ್ತಿಗೆ ಕತ್ತರಿಸಿದ ಏಡಿ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಇನ್ನೊಂದು ಕಥೆ. ಪರವೂರಿಗೆ ಒಬ್ಬನೇ ಹೊರಟ ಮಗನಿಗೆ, ದಾರಿಗೆ ಜೊತೆಯಿರಲೆಂದು ತಾಯಿ ಒಂದು ಏಡಿಯನ್ನು ಹಿಡಿದು ಕೊಡುತ್ತಾಳೆ. ಅವನು ಅದನ್ನು ಕರ್ಪೂರದ ಪೊಟ್ಟಣದಲ್ಲಿಟ್ಟುಕೊಂಡು ಮರದಡಿ ಮಲಗುತ್ತಾನೆ. ಕರ್ಪೂರದ ವಾಸನೆಗೆ ಬಂದ ಹಾವನ್ನು ಏಡಿ ಕೊಲ್ಲುತ್ತದೆ. ಬ್ರಾಹ್ಮಣ ಮತ್ತು ಏಡಿಯ ಕಥೆ ಜಾವಾ ದ್ವೀಪದ ಮೆಂದುತ್ ದೇವಾಲಯದ ಗೋಡೆಯ ತನಕ ಹೋಗಿದೆ. ಬ್ರಾಹ್ಮಣನ ಮನೆಯ ತಾಯಿ ಏಡಿಯನ್ನು ಕೈಯಲ್ಲಿ ಹಿಡಿದಳು, ಕಥೆಗೆ ಮೈಲಿಗೆಯಾಗಲಿಲ್ಲ.

ಇವನ್ನೆಲ್ಲ ಅಮ್ಮನಿಗೆ ಹೇಳಬೇಕೆನ್ನಿಸಿತು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ಮೇಲೆ ಕೋಡಿ ಹರಿದವಲ್ಲ, ಆಗ ಊರಿಗೆ ಹೋಗಿದ್ದೆ. ಮಗಳ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. 1937ರಲ್ಲಿ ಸ್ಕಿಯಾಪರೆಲ್ಲಿ ಎಂಬ ಹೆಸರಾಂತ ವಸ್ತ್ರವಿನ್ಯಾಸಗಾರ್ತಿ ಪ್ಯಾರಿಸ್ಸಿನಲ್ಲಿ ಹೊಲಿಸಿದ ಬಿಳಿ ರೇಷ್ಮೆಯ ನಿಲುವಂಗಿ. ಅದರ ಮುಂಭಾಗದಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬರೆದುಕೊಟ್ಟ ದೊಡ್ಡ ಲಾಬ್‌ಸ್ಟರ್. ಇಂಗ್ಲೆಂಡಿನ ದೊರೆ ಎಂಟನೆಯ ಎಡ್ವರ್ಡ್ ಯಾರಿಗಾಗಿ ಪಟ್ಟ ಬಿಟ್ಟನೋ ಆ ವಾಲಿಸ್ ಸಿಂಪ್ಸನ್ ಅದನ್ನುಟ್ಟು ಫೋಟೋ ತೆಗೆಸಿಕೊಂಡಿದ್ದಳು. ಅಂಗಿ ಈಗ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿದೆ. ಮರುವರ್ಷ ಡಾಲಿ ಟೆಲಿಫೋನಿನ ಮೇಲೂ ಲಾಬ್‌ಸ್ಟರನ್ನು ಕೂರಿಸಿದ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಬೆಂದೈತಲ್ಲೇ ಇದು. ಕೆಂಪಗಾಗೈತೆ. ಬೇಯ್ಸಿರೋದನ್ನ ಬಟ್ಟೆ ಮೇಲೆ ಯಾಕೆ ಬರ್ಕೊಂಡವ್ಳೇ?"

ನಾನು ಓದಿದ ಯಾವ ಪುಸ್ತಕಕ್ಕಿಂತ ಮೊದಲು ಇದು ಅಮ್ಮನ ಕಣ್ಣಿಗೆ ಬಿದ್ದಿತ್ತು. ಜೀವಂತ ಲಾಬ್‌ಸ್ಟರ್ ಕಪ್ಪುನೀಲಿ. ಚಿಪ್ಪಿನಲ್ಲಿರುವ ಕೆಂಪು ಬಣ್ಣವನ್ನು ಒಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಕುದಿನೀರಿನಲ್ಲಿ ಆ ಹಿಡಿತ ಬಿಟ್ಟು ಕೆಂಪು ಹೊರಬರುತ್ತದೆ. ಕಾಲ್ಫ್‌ನ ಚಿತ್ರದಲ್ಲಿ ಹೊಳೆಯುವುದೂ, ಸಿಂಪ್ಸನ್ನಳ ಅಂಗಿಯ ಮೇಲೆ ಕುಳಿತದ್ದೂ ಒಲೆಯಿಂದ ಇಳಿದದ್ದೇ. ಚಿತ್ರಕಾರರು ನೋಡಿದ್ದು ತಟ್ಟೆಯನ್ನು, ಸಮುದ್ರವನ್ನಲ್ಲ. ಅದು ಜೀವ ಹೋಗುವಾಗಿನ ಬಣ್ಣ ಎಂಬ ಯೋಚನೆ ಇತ್ತೀಚಿನದು. ಜೀವಂತವಾಗಿ ಲಾಬ್‌ಸ್ಟರನ್ನು ಕುದಿನೀರಿಗೆ ಹಾಕುವುದನ್ನು ಸ್ವಿಟ್ಜರ್‌ಲೆಂಡ್ 2018ರಲ್ಲಿ ನಿಷೇಧಿಸಿತು. ಏಡಿ, ಲಾಬ್‌ಸ್ಟರುಗಳಿಗೂ ನೋವು ತಿಳಿಯುತ್ತದೆಂದು ಬ್ರಿಟನ್ 2022ರ ಕಾನೂನಿನಲ್ಲಿ ಒಪ್ಪಿಕೊಂಡಿತು. ನಾವು ಬದುವಿನ ಮೇಲೆ ಕುಳಿತು ಕಾಲು ಮುರಿಯುತ್ತಿದ್ದ ಏಡಿಗಳು ನೆನಪಾದವು. ಆ ವಿಷಯ ಅಮ್ಮನಿಗೆ ಹೇಳಲಿಲ್ಲ.

ಮರುದಿನ ತಮ್ಮನ ಮಗ ಗದ್ದೆಯಿಂದ ಹತ್ತು ಹನ್ನೆರಡು ಏಡಿ ಹಿಡಿದು ತಂದ. ಅಮ್ಮ ನನ್ನತ್ತ ನೋಡಿ, "ನಿಂಗೆ ಬೇಳೆಸಾರು ಮಾಡ್ಲಾ?" ಎಂದಳು. ಬೇಡವೆಂದೆ. ಅವಳು ಒರಳಿನ ಮುಂದೆ ಕುಳಿತಳು. ಬೀದಿ ಬಾಗಿಲನ್ನು ನಾನೇ ಹೋಗಿ ತೆರೆದಿಟ್ಟು ಬಂದೆ.

ಸಾರು ಕುದಿಯುವ ಹೊತ್ತಿಗೆ ಮೇಲಿನ ಬೀದಿಯ ಹಳೆಯ ಪರಿಚಯದ ಹೆಂಗಸೊಬ್ಬರು ನಾನು ಬಂದಿರುವುದು ತಿಳಿದು ಬಂದರು. ಹೊಸ್ತಿಲಲ್ಲೇ ನಿಂತು, "ಮಗಳು ಬಂದವ್ಳೆ, ಏನಮ್ಮಾ ವಿಶೇಷ ಸಾರು?" ಎಂದರು. ಹೇಳಲು ನಾನು ಬಾಯಿ ತೆರೆದೆ.

"ಹುರುಳಿಕಾಳು," ಎಂದಳು ಅಮ್ಮ, ಸೌಟು ತಿರುಗಿಸುತ್ತಲೇ.

ನಾನೂ ಸುಮ್ಮನಾದೆ.