ಈಜಿಪ್ಟಿನ ಮರಳಿನಲ್ಲೊಂದು ‘ಹಾಕಿ’

ಭಾರತದ ಕಡಲ ತಡಿಯಲ್ಲಿ ಚಂದ್ರದೇವತೆಯ ಗುಡಿ. ಅಲ್ಲಿ ಸೆರೆಸಿಕ್ಕ ಗ್ರೀಕ್ ಹೆಣ್ಣು ಖಾರಿಟಿಯೋನ್. ಬಿಡಿಸಲು ಬಂದ ಸೋದರ ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾನೆ. ಮತ್ತೇರಿದ ರಾಜ ಮಾತಾಡುತ್ತಾನೆ. ಅದು ಗ್ರೀಕ್ ಅಲ್ಲ.

ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದು, 1903ರಲ್ಲಿ ಅಚ್ಚು ಹಾಕಿಸಿದ 413ನೆಯ ಪಪೈರಸ್ಸಿನ ಪ್ರಹಸನವಿದು. ಹಾಳೆ ಕ್ರಿ.ಶ. 2ನೆಯ ಶತಮಾನದ್ದು. ಮರುವರ್ಷವೇ ಶಾಸನತಜ್ಞ ಹುಲ್ಟ್ಸ್ ರಾಜನ ಮಾತು ಕನ್ನಡವೆಂದರು. ಆರ್. ಶಾಮಶಾಸ್ತ್ರಿ ಅದನ್ನು ಒಪ್ಪಿದರು, ಮಂಜೇಶ್ವರದ ಗೋವಿಂದ ಪೈ ಈ ಬಗ್ಗೆ ಬರೆದರು. ನಿಜವಾದರೆ ಇದು ಸುಮಾರು 450ರ ಹಲ್ಮಿಡಿ ಶಾಸನಕ್ಕಿಂತ ಇನ್ನೂರೈವತ್ತು ವರ್ಷಗಳಷ್ಟಾದರೂ ಹಿಂದಿನ ಕನ್ನಡ. ಯಾವ ಕನ್ನಡಿಗನ ಎದೆ ಹಿಗ್ಗದು?

ಆದರೆ ಅಕ್ಷರಗಳನ್ನೇ ಹತ್ತಿರದಿಂದ ನೋಡಬೇಕು. ಹಾಳೆಯಲ್ಲಿರುವುದು ‘ದಮುನ್’. ಅದನ್ನು ಹಿಂದುಮುಂದು ಮಾಡಿದರೆ ‘ಮಧು’. ‘ಪೆತ್ರೆಕಿಯೊ’ ಎಂಬುದು ‘ಪಾತ್ರಕ್ಕೆ’, ‘ಪಕ್ತೆಯ್’ ಎಂಬುದು ‘ಹಾಕಿ’, ‘ಕೊಂಜೆಯ್’ ಎಂಬುದು ‘ಕೊಂಚ’. ಪಂಕ್ತಿಯಲ್ಲಿ ಕೂತವರು ಇವತ್ತಿಗೂ ‘ಕೊಂಚ ಹಾಕಿ’ ಅನ್ನುತ್ತಾರಲ್ಲ, ಓದುವಾಗ ಕಿವಿ ತಾನಾಗಿ ಅರಳುತ್ತದೆ. ಆದರೆ ಮಧು, ಪಾತ್ರ ಎರಡೂ ಸಂಸ್ಕೃತದವು. ಕೊಂಚ ತೆಲುಗು, ತಮಿಳಿನಲ್ಲೂ ಇದೆ. ಕನ್ನಡವೆಂದು ಸಾಧಿಸುವ ಭಾರವೆಲ್ಲ ‘ಕ್ಕೆ’ ಪ್ರತ್ಯಯದ ಮೇಲೆ, ಕ್ರಿಯಾಪದದ ಮೇಲೆ ಬೀಳುತ್ತದೆ.

ಎಡವುವುದು ಅಲ್ಲೇ. ಇನ್ನೊಂದು ಮಾತಿನ ತುದಿಯನ್ನು ಹುಲ್ಟ್ಸ್ ‘ಎತ್ತುವೆನು’ ಎಂದು ಓದಿದರು. ಹಳಗನ್ನಡದಲ್ಲಿ ಅದು ‘ಎತ್ತುವೆಂ’. ಕೊನೆಗೆ ಉಕಾರ ಸೇರಿದ ‘ಎನು’ ಬಹಳ ಈಚಿನ ರೂಪ. ‘ಹಾಕಿ’ಯೂ ಅಷ್ಟೆ. ಪಕಾರ ಹಕಾರವಾಗಿದ್ದು ಹಲ್ಮಿಡಿಯ ನಂತರ ಎಷ್ಟೋ ಶತಮಾನಕ್ಕೆ. ಹಾಳೆಯ ಪಕಾರವೇನೋ ಕಾಲಕ್ಕೆ ಸರಿಯಾಗಿದೆ. ಆದರೆ ‘ಹಾಕು’ವಿನ ಹಳೆಯ ರೂಪ ‘ಪಾಯ್ಕು’ ಆದ್ದರಿಂದ ‘ಪಕ್ತೆಯ್’ನ ತಕಾರಕ್ಕೆ ಲೆಕ್ಕ ಸಿಗುವುದಿಲ್ಲ. 1926ರಲ್ಲಿ ಬಾರ್ನೆಟ್ ಕನ್ನಡದ ವಾದವನ್ನೇ ತಳ್ಳಿಹಾಕಿದರು. ಮುಂದೆ ಇದು ತುಳು ಎಂಬ ವಾದವೂ ಹುಟ್ಟಿತು.

ನಾಟಕಕಾರ ಕಟ್ಟಿದ್ದು ಕಲ್ಪಿತ ಭಾಷೆಯನ್ನೇ ಎನ್ನುವುದು ಹೆಚ್ಚು ನಂಬುವಂಥದ್ದು. ಅದರೊಳಗೆ ನಾವಿಕರಿಂದ ಕೇಳಿದ ನಮ್ಮ ಕರಾವಳಿಯ ಸದ್ದು ಸೇರಿರಬಾರದೆಂದೇನಿಲ್ಲ. ಹಾಳೆಯಲ್ಲಿ ಅಲ್ಲಲ್ಲಿ ವಾದ್ಯ ಬಾರಿಸುವ ಗುರುತುಗಳಿವೆ. ರಾಜನ ಮಾತಿಗೆ ನಡುನಡುವೆ ಡೋಲು ಬೀಳುತ್ತಿತ್ತು, ಈಜಿಪ್ಟಿನ ಪ್ರೇಕ್ಷಕರು ನಗುತ್ತಿದ್ದರು.